ಮೂಕನಮನೆ ಅಬ್ಬಿಯ ಕಾಲುದಾರಿ

ಅರಕಲಗೂಡಿನಿಂದ ಮಲ್ಲಿಪಟ್ಟಣ, ಕೊಡ್ಲಿಪೇಟೆ ದಾಟಿ ಯಸಳೂರು ಹೋಬಳಿ ಹೊಕ್ಕರೆ ರಾಗಿ ಹೊಲಗಳು ಹಿಂದೆ ಸರಿದು ಕಾಫಿ ತೋಟಗಳ ನೆರಳು ರಸ್ತೆಗೆ ಇಳಿಯುತ್ತದೆ. ಹಾಸನದ ಕಡೆಯಿಂದ ಬರುವವರಿಗೆ ಸಕಲೇಶಪುರದ ದಾರಿ ಹತ್ತಿರ. ಎರಡೂ ಕೂಡುವುದು ಹೆತ್ತೂರಿನಲ್ಲಿ. ಮೂಕನಮನೆ ಅಬ್ಬಿ ಎಂಬ ಜಲಪಾತ ಇರುವುದು ಈ ಹೆತ್ತೂರಿನ ಸಮೀಪ.

ಊರಿನಲ್ಲಿ ಟೀ ಕುಡಿಯುತ್ತಾ ದಾರಿ ಕೇಳಿದರೆ ಜನ ಮೊದಲು ಹೇಳುವುದು ಆನೆಯ ಸುದ್ದಿ. "ನಿನ್ನೆ ರಾತ್ರಿ ಆ ಕಡೆ ದಾಟ್ಯವೆ ಸಾರ್, ಈಗೇನಿಲ್ಲ. ಬೇಗ ಹೋಗಿ ಬಂದ್ಬುಡಿ" ಅಂದರು ಒಬ್ಬ ಹಿರಿಯರು. ಅದು ಸುಮ್ಮನೆ ಹೆದರಿಸುವ ಮಾತಲ್ಲ. 2023ರ ಡಿಸೆಂಬರ್ 4ರಂದು ಇದೇ ಯಸಳೂರು ಅರಣ್ಯ ವಲಯದ ದಬ್ಬಳ್ಳಿಕಟ್ಟೆಯಲ್ಲಿ ಕಾಡಾನೆ ಸೆರೆ ಹಿಡಿಯುವ ಕಾರ್ಯಾಚರಣೆ ನಡೆಯುತ್ತಿದ್ದಾಗ ದಸರಾ ಆನೆ ಅರ್ಜುನ ಒಂಟಿಸಲಗದ ದಾಳಿಗೆ ಸಿಕ್ಕಿ ಸತ್ತ. 2012ರಿಂದ 2019ರವರೆಗೆ ಎಂಟು ಸಲ ಚಿನ್ನದ ಅಂಬಾರಿ ಹೊತ್ತವನು. ಅವನನ್ನು ಮಣ್ಣು ಮಾಡಿದ್ದೂ ಇಲ್ಲೇ. ಈ ಸೀಮೆಯಲ್ಲಿ ಕಾಫಿ ಕೊಯ್ಯಲು ಹೋಗುವ ಹೆಣ್ಣುಮಕ್ಕಳು ಆನೆ ಎಲ್ಲಿದೆ ಎಂದು ತಿಳಿದುಕೊಂಡೇ ತೋಟಕ್ಕೆ ಕಾಲಿಡುತ್ತಾರೆ. ನೀರು ನೋಡಲು ಬಂದ ನಮಗೂ ಅದೇ ಕಟ್ಟಳೆ.

ವಾಹನ ನಿಲ್ಲಿಸಿ ನಡೆಯಬೇಕಾದ ದಾರಿ ಉದ್ದವೇನಲ್ಲ. ತೋಟದ ಅಂಚು, ಬೇಲಿ, ಮರಗಳನ್ನು ತಬ್ಬಿ ಏರಿದ ಮೆಣಸಿನ ಬಳ್ಳಿ, ಆಮೇಲೆ ದಟ್ಟ ಮರಗಳ ಇಳಿಜಾರು. ಮಳೆ ಬಿಟ್ಟ ಮೇಲೂ ತರಗೆಲೆಯ ಅಡಿ ತೇವ ಹಾಗೇ ಉಳಿದಿರುತ್ತದೆ, ಜಿಗಣೆಗಳೂ. ಕಾಲಿಗೆ ಸುಣ್ಣ, ಹೊಗೆಸೊಪ್ಪು ಬಳಿದುಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ. ನೀರಿನ ಸದ್ದು ಎಡಗಡೆಯಿಂದ ಬಂದಂತೆ ಅನಿಸಿ, ತಿರುವು ಕಳೆದಾಗ ಎದುರಿನಿಂದಲೇ ಕೇಳಿಸುತ್ತದೆ.

ಜೋಗದಂಥ ಎತ್ತರ ಹುಡುಕಿಕೊಂಡು ಬಂದವರಿಗೆ ಇಲ್ಲಿ ಕೆಲಸವಿಲ್ಲ. ನೀರು ಒಂದೇ ಸಲ ಧುಮುಕದೆ, ಅಗಲವಾದ ಕರಿಬಂಡೆಯ ಮೇಲೆ ಹರಡಿಕೊಂಡು ಬೀಳುತ್ತದೆ. ಬಂಡೆಯ ಸೀಳು ಎಲ್ಲಿದೆಯೋ ಅಲ್ಲಿ ಬಿಳಿ ನೊರೆ. ಸೀಳಿಲ್ಲದ ಕಡೆ ಎಷ್ಟು ತೆಳುವೆಂದರೆ ಕಲ್ಲಿನ ಬಣ್ಣವೇ ಕಾಣುತ್ತದೆ. ಕೂತು ನೋಡುತ್ತಿದ್ದರೆ ಕಣ್ಣು ನಿಧಾನಕ್ಕೆ ಪಳಗುತ್ತದೆ: ಹನಿ ಸಿಡಿಯುವ ಜಾಗದಲ್ಲಷ್ಟೇ ಬೆಳೆದ ಪಾಚಿ, ಅದರ ಪಕ್ಕದ ಜರೀಗಿಡ, ನೀರಿಗೆ ತಾಗಿಯೂ ತಾಗದಂತೆ ಹಾರುವ ಏರೋಪ್ಲೇನ್ ಚಿಟ್ಟೆ. ದೊಡ್ಡ ಜಲಪಾತದ ಮುಂದೆ ಕಂಬಿ ಹಿಡಿದು ನಿಂತಾಗ ಇದ್ಯಾವುದೂ ಕಾಣುವುದಿಲ್ಲ. ಸಣ್ಣ ಅಬ್ಬಿಗೆ ಹೋಗಬೇಕು ಎಂದು ನಾನು ಹಟ ಹಿಡಿಯುವುದು ಈ ಕಾರಣಕ್ಕೇ.

ಅಬ್ಬಿಯ ಬುಡದ ಗುಂಡಿಗೆ ಇಳಿಯುವ ಆಸೆ ಬೇಡ. ಪಾಚಿಗಟ್ಟಿದ ಕಲ್ಲು ಮೇಲಿನಿಂದ ಒಣಗಿದಂತೆ ಕಂಡರೂ ಜಾರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮೇಲೆಲ್ಲೋ ಸುರಿದ ಮಳೆಗೆ ಇಲ್ಲಿ ನೀರು ದಿಢೀರನೆ ಏರಬಹುದು. ಬರುವುದಾದರೆ ಅಕ್ಟೋಬರ್, ನವೆಂಬರ್ ಒಳ್ಳೆಯದು.

ಬಂಡೆಯ ಸಂದಿನಲ್ಲಿ ಸಿಕ್ಕಿಕೊಂಡ ಬಾಟಲಿ, ಚಿಪ್ಸ್ ಪೊಟ್ಟಣ ಕಂಡಾಗ ಮನಸ್ಸು ಕೆಡುತ್ತದೆ. ಇದೇ ಹಾಸನ ಜಿಲ್ಲೆಯ ರಾಮನಾಥಪುರದಲ್ಲಿ, ವಹ್ನಿ ಪುಷ್ಕರಿಣಿಯ ಬಳಿ, ಕಾವೇರಿಯ ಮೀನುಗಳಿಗೆ ಜನ ತಿನ್ನಲು ಹಾಕುತ್ತಾರೆಯೇ ಹೊರತು ಅವನ್ನು ಹಿಡಿಯುವುದಿಲ್ಲ. ದೇವರ ಮೀನು ಎಂಬ ಭಾವನೆಯೇ ಅಲ್ಲಿ ಕಾವಲು. ಆ ಭಕ್ತಿಯಲ್ಲಿ ಒಂದಿಷ್ಟು ಈ ಕಾಡಿನ ನೀರಿಗೂ ಸಲ್ಲಬೇಕು.

ಸಲ್ಲಬೇಕಾದ ಕಾರಣ ಇನ್ನೂ ಹತ್ತಿರದ್ದು. ಹೆತ್ತೂರಿನಿಂದ ಬಿಸಿಲೆ ಕಡೆಗೆ ಮುಂದುವರಿದರೆ ಮಂಕನಹಳ್ಳಿ ಬಳಿ ಒಂದು ದಿಣ್ಣೆ ಇದೆ. ಅದರ ಪಶ್ಚಿಮಕ್ಕೆ ಬಿದ್ದ ಮಳೆ ಕುಮಾರಧಾರೆ, ನೇತ್ರಾವತಿಗಳ ಮೂಲಕ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಹೇಮಾವತಿಗೆ ಸೇರಿ, ಗೊರೂರಿನ ಅಣೆಕಟ್ಟೆಯಲ್ಲಿ ನಿಂತು, ಅಲ್ಲಿಂದ ಹೊಳೆನರಸೀಪುರದ ಗದ್ದೆಗಳಿಗೂ ಚನ್ನರಾಯಪಟ್ಟಣದ ಕೆರೆಗಳಿಗೂ ಬರುತ್ತದೆ. ಬಾಗೂರು-ನವಿಲೆ ಸುರಂಗ ಹಾದು ತುಮಕೂರಿನವರೆಗೆ ಹೋಗುತ್ತದೆ. ನಾಲೆಗೆ ನೀರು ಯಾವತ್ತು ಬಿಡುತ್ತಾರೆ ಎಂದು ಕಾದು ಕೂರುವ ಬಯಲುಸೀಮೆಯ ರೈತ ಒಮ್ಮೆ ಮಕ್ಕಳನ್ನು ಕರೆದುಕೊಂಡು ಈ ಕಾಡಿಗೆ ಬರಬೇಕು. ಬೆಳಗಿನ ಜಾವ ಚನ್ನರಾಯಪಟ್ಟಣ ಬಿಟ್ಟರೆ ಅಬ್ಬಿ, ದಿಣ್ಣೆ ಎರಡನ್ನೂ ನೋಡಿಕೊಂಡು ಕತ್ತಲಾಗುವುದರೊಳಗೆ, ಆನೆಗಳು ರಸ್ತೆಗಿಳಿಯುವ ಮುಂಚೆ, ಸಕಲೇಶಪುರದ ಹೆದ್ದಾರಿ ಸೇರಬಹುದು.