ಲಿನಕ್ಸ್ ಗಣಕಯಂತ್ರಗಳಲ್ಲಿ ಜಾಲಸಂಪರ್ಕದ ದೋಷಗಳು: ಪತ್ತೆ ಹಾಗೂ ಪರಿಹಾರ ಕ್ರಮ

ಪೀಠಿಕೆ

ಕಚೇರಿ, ಶಾಲೆ, ಗ್ರಂಥಾಲಯ ಹಾಗೂ ಸೇವಾ ಕೇಂದ್ರಗಳಲ್ಲಿ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯನ್ನು ಅಳವಡಿಸಿದ ಗಣಕಯಂತ್ರಗಳು ಬಳಕೆಯಲ್ಲಿವೆ. ಡೆಬಿಯನ್, ಉಬುಂಟು, ಫೆಡೋರಾ ಮುಂತಾದವುಗಳಲ್ಲದೆ, ಡೆಬಿಯನ್ ಆಧಾರದ ಮೇಲೆ ಸಿ-ಡ್ಯಾಕ್ ಸಂಸ್ಥೆಯು ಸಿದ್ಧಪಡಿಸಿದ ‘ಬಾಸ್’ ವ್ಯವಸ್ಥೆಯೂ ಈ ವರ್ಗಕ್ಕೆ ಸೇರಿದೆ. ಇಂತಹ ಯಂತ್ರದಲ್ಲಿ ಜಾಲಸಂಪರ್ಕ ಕಡಿತಗೊಂಡಾಗ ಸಿಬ್ಬಂದಿಯು ಸ್ವತಃ ಕೈಗೊಳ್ಳಬಹುದಾದ ಪರಿಶೀಲನೆಯ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

“ನೆಟ್‌ವರ್ಕ್ ಇಲ್ಲ, ನಾಳೆ ಬನ್ನಿ” ಎಂಬ ಮಾತನ್ನು ಕೇಳದ ನಾಗರಿಕರು ವಿರಳ. ಕೂಲಿಯನ್ನು ಬಿಟ್ಟು ಪ್ರಮಾಣಪತ್ರಕ್ಕಾಗಿ ಬಂದವರಿಗೆ ಆ ‘ನಾಳೆ’ಯ ಬೆಲೆ ಇನ್ನೊಂದು ದಿನದ ಕೂಲಿ. ಆದುದರಿಂದ ದೋಷವು ಎಲ್ಲಿದೆ ಎಂಬುದನ್ನು ಹತ್ತು ನಿಮಿಷಗಳಲ್ಲಿ ಗುರುತಿಸುವುದು ಸಾಧ್ಯವಿರುವಾಗ ಹಾಗೆ ಮಾಡದಿರುವುದು ಸರಿಯಲ್ಲ. ‘ನೆಟ್‌ವರ್ಕ್ ಇಲ್ಲ’ ಎಂಬುದು ಒಂದೇ ದೋಷದ ಹೆಸರೂ ಅಲ್ಲ. ಕೇಬಲ್, ಜಾಲ ಕಾರ್ಡ್, ವಿಳಾಸ, ಮಾರ್ಗ, ಹೆಸರು, ಸೇವೆ ಎಂಬ ಹಂತಗಳು ಒಂದರ ಮೇಲೊಂದು ನಿಂತಿರುತ್ತವೆ. ಕೆಳಗಿನ ಹಂತ ಸರಿಯಿಲ್ಲದಿದ್ದಲ್ಲಿ ಮೇಲಿನದು ನಡೆಯದು. ಪರಿಶೀಲನೆಯನ್ನು ಕೆಳಗಿನಿಂದ ಮೇಲಕ್ಕೆ, ಹಂತವನ್ನು ಬಿಡದೆ ನಡೆಸತಕ್ಕದ್ದು.

ಈ ಕ್ರಮವನ್ನು ಬಿಟ್ಟು ಕಾರ್ಯಾಚರಣೆ ವ್ಯವಸ್ಥೆಯನ್ನೇ ಮರುಸ್ಥಾಪಿಸುವ, ಅಂದರೆ ‘ಫಾರ್ಮ್ಯಾಟ್’ ಮಾಡುವ ರೂಢಿ ಹಲವೆಡೆ ಕಂಡುಬರುತ್ತದೆ. ಫಾರ್ಮ್ಯಾಟ್ ಮಾಡಿದರೆ ಯಂತ್ರದಲ್ಲಿರುವ ಕಡತಗಳು ಅಳಿಸಿಹೋಗುತ್ತವೆ. ತುಂಡಾದ ಕೇಬಲ್ ಮಾತ್ರ ತುಂಡಾಗಿಯೇ ಉಳಿಯುತ್ತದೆ.

ಸೂಚನೆ: ಆದೇಶಗಳ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ನೀಡಲಾಗಿದೆ. ಟರ್ಮಿನಲ್‌ನಲ್ಲಿ ಅವುಗಳನ್ನು ಇಂಗ್ಲಿಷ್ ವರ್ಣಮಾಲೆಯ ಸಣ್ಣ ಅಕ್ಷರಗಳಲ್ಲಿ ನಮೂದಿಸತಕ್ಕದ್ದು. ಇಲ್ಲಿ ಹೇಳಿರುವ ಆದೇಶಗಳು ಮಾಹಿತಿಯನ್ನು ತೋರಿಸುವಂಥವು. ಅವುಗಳಿಂದ ಯಂತ್ರಕ್ಕೆ ಹಾನಿಯಿಲ್ಲ. ಕೆಲವಕ್ಕೆ ಆಡಳಿತಗಾರರ ಅಧಿಕಾರ ಬೇಕಾಗುತ್ತದೆ.

ಕೇಬಲ್, ಸ್ವಿಚ್ ಮತ್ತು ಜಾಲ ಕಾರ್ಡ್

ಮೊದಲು ಯಂತ್ರದ ಹಿಂಭಾಗದಲ್ಲಿ ಕೇಬಲ್ ಸೇರುವ ಕಿಂಡಿಯ ಬಳಿಯಿರುವ ಸಣ್ಣ ದೀಪವನ್ನು ನೋಡಬೇಕು. ನಂತರ ‘ಐಪಿ ಲಿಂಕ್’ ಎಂಬ ಆದೇಶವನ್ನು ನೀಡಬೇಕು. ಉತ್ತರದಲ್ಲಿ ‘ನೋ ಕ್ಯಾರಿಯರ್’ ಎಂದಿದ್ದರೆ ಯಂತ್ರಕ್ಕೆ ಇನ್ನೊಂದು ತುದಿಯಿಂದ ವಿದ್ಯುತ್ ಸಂಕೇತವೇ ಬರುತ್ತಿಲ್ಲವೆಂದು ಅರ್ಥ. ಆಗ ಬ್ರೌಸರ್, ವಿಳಾಸ, ಪಾಸ್‌ವರ್ಡ್ ಇವುಗಳನ್ನು ಪರಿಶೀಲಿಸುವುದು ವ್ಯರ್ಥ. ಕೇಬಲ್ಲನ್ನು ಎರಡೂ ತುದಿಗಳಲ್ಲಿ ತೆಗೆದು ಮತ್ತೆ ಹಾಕುವುದು, ಸ್ವಿಚ್‌ನ ಬೇರೊಂದು ಕಿಂಡಿಗೆ ಬದಲಾಯಿಸುವುದು, ಸರಿಯಾಗಿ ಕೆಲಸ ಮಾಡುತ್ತಿರುವ ಪಕ್ಕದ ಯಂತ್ರದ ಕೇಬಲ್ಲನ್ನು ತಂದು ಹಾಕಿ ನೋಡುವುದು, ಇಷ್ಟರಲ್ಲಿ ದೋಷವಿರುವ ಭಾಗ ತಿಳಿಯುತ್ತದೆ. ಒಂದು ಬಾರಿಗೆ ಒಂದನ್ನು ಮಾತ್ರ ಬದಲಾಯಿಸತಕ್ಕದ್ದು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ದೀಪ ಉರಿಯುತ್ತಿದ್ದರೂ ಸಂಪರ್ಕ ತೀರಾ ನಿಧಾನವಾಗಿದ್ದಲ್ಲಿ ‘ಈಥ್‌ಟೂಲ್’ ಆದೇಶದ ಮುಂದೆ ಕಾರ್ಡಿನ ಹೆಸರನ್ನು ಬರೆದು ವೇಗವನ್ನು ನೋಡಬೇಕು. ಸೆಕೆಂಡಿಗೆ 100 ಮೆಗಾಬಿಟ್ ವೇಗಕ್ಕೆ ಕೇಬಲ್‌ನೊಳಗಿನ ಎಂಟು ತಂತಿಗಳಲ್ಲಿ ನಾಲ್ಕು ಸಾಕು. 1000 ಮೆಗಾಬಿಟ್‌ಗೆ ಎಂಟೂ ಬೇಕು. ಆದುದರಿಂದ 1000 ಇರಬೇಕಾದಲ್ಲಿ 100 ತೋರಿಸುತ್ತಿದ್ದರೆ, ಸ್ವಿಚ್ ಹಳೆಯದಲ್ಲದ ಪಕ್ಷದಲ್ಲಿ, ಯಾವುದೋ ತಂತಿ ಕ್ರಿಂಪ್ ಮಾಡಿದಲ್ಲಿ ಸಡಿಲವಾಗಿದೆಯೆಂದು ಊಹಿಸಬಹುದು. ತಾಮ್ರದ ಕೇಬಲ್‌ನ ಉದ್ದವು 100 ಮೀಟರ್ ಮೀರಬಾರದೆಂಬ ನಿಯಮವನ್ನೂ ಗಮನಿಸತಕ್ಕದ್ದು. ಎರಡು ಕಟ್ಟಡಗಳ ನಡುವೆ ಬಯಲಿನಲ್ಲಿ ಎಳೆದ ತಾಮ್ರದ ಕೇಬಲ್, ಏಪ್ರಿಲ್-ಮೇ ತಿಂಗಳುಗಳ ಗುಡುಗು ಮಳೆಯಲ್ಲಿ ಸಿಡಿಲಿನ ಪ್ರಭಾವವನ್ನು ನೇರವಾಗಿ ಸ್ವಿಚ್‌ಗೆ ಮುಟ್ಟಿಸುತ್ತದೆ. ಮಳೆಯ ಮರುದಿನ ಸ್ವಿಚ್‌ನ ಒಂದೆರಡು ಕಿಂಡಿಗಳು ಮಾತ್ರ ಸತ್ತಿರುವುದು ಇದರ ಲಕ್ಷಣ. ಅಂತಹ ಕಡೆ ಆಪ್ಟಿಕಲ್ ಫೈಬರ್ ಬಳಸುವುದು ಸೂಕ್ತ.

ಇಡೀ ಕಚೇರಿಯ ಸಂಪರ್ಕ ಒಮ್ಮೆಲೇ ನಿಂತು, ಸ್ವಿಚ್‌ನ ಎಲ್ಲ ದೀಪಗಳೂ ಒಟ್ಟಿಗೆ ಬಿಡುವಿಲ್ಲದೆ ಮಿನುಗುತ್ತಿದ್ದರೆ, ಒಂದೇ ಕೇಬಲ್‌ನ ಎರಡು ತುದಿಗಳೂ ಅದೇ ಸ್ವಿಚ್‌ಗೆ ಸೇರಿರುವ ಸಾಧ್ಯತೆಯಿದೆ. ಕಸ ಗುಡಿಸುವಾಗ ಬಿದ್ದಿದ್ದ ಕೇಬಲ್‌ನ ತುದಿಯನ್ನು ಯಾರೋ ಸದುದ್ದೇಶದಿಂದ ಖಾಲಿ ಕಿಂಡಿಗೆ ಸಿಕ್ಕಿಸಿರುತ್ತಾರೆ. ಕಡಿಮೆ ಬೆಲೆಯ ಸ್ವಿಚ್‌ಗಳಿಗೆ ಈ ಸುತ್ತನ್ನು ಗುರುತಿಸಿ ತಡೆಯುವ ಶಕ್ತಿ ಸಾಮಾನ್ಯವಾಗಿ ಇರುವುದಿಲ್ಲ. ಪ್ರಸಾರ ಸಂದೇಶಗಳು ಅದರೊಳಗೆ ಕೊನೆಯಿಲ್ಲದೆ ಸುತ್ತುತ್ತ ಜಾಲವನ್ನೇ ತುಂಬಿಬಿಡುತ್ತವೆ. ಕೇಬಲ್‌ಗಳನ್ನು ಒಂದೊಂದಾಗಿ ತೆಗೆಯುತ್ತ ಹೋದರೆ ಸುತ್ತಿಗೆ ಕಾರಣವಾದುದನ್ನು ತೆಗೆದ ಕ್ಷಣ ದೀಪಗಳು ಶಾಂತವಾಗುತ್ತವೆ.

‘ಐಪಿ ಲಿಂಕ್’ ಪಟ್ಟಿಯಲ್ಲಿ ಕಾರ್ಡಿನ ಹೆಸರೇ ಇಲ್ಲದಿದ್ದರೆ ಪ್ರಶ್ನೆ ಬೇರೆ. ‘ಎಲ್‌ಎಸ್‌ಪಿಸಿಐ’ ಆದೇಶವು ಯಂತ್ರದೊಳಗಿನ ಸಾಧನಗಳನ್ನು ತೋರಿಸುತ್ತದೆ. ಅಲ್ಲಿ ಕಾರ್ಡ್ ಇದ್ದು ‘ಐಪಿ ಲಿಂಕ್’ನಲ್ಲಿ ಇಲ್ಲವೆಂದರೆ ಚಾಲಕ ತಂತ್ರಾಂಶ ಅಥವಾ ಫರ್ಮ್‌ವೇರ್ ಇಲ್ಲವೆಂದು ತಿಳಿಯಬೇಕು. ‘ಡಿಎಂಇಎಸ್‌ಜಿ’ ಆದೇಶದ ಉತ್ತರದಲ್ಲಿ ಕಡತದ ಹೆಸರಿನೊಂದಿಗೆ ಈ ದೂರು ದಾಖಲಾಗಿರುತ್ತದೆ. ನಿಸ್ತಂತು ಕಾರ್ಡ್‌ಗಳಲ್ಲಿ ಇದು ಹೆಚ್ಚು. ಅಂತಹ ಫರ್ಮ್‌ವೇರ್ ಹಿಂದೆ ಡೆಬಿಯನ್‌ನ ಅಧಿಕೃತ ಸ್ಥಾಪನಾ ಡಿಸ್ಕಿನಲ್ಲಿ ಇರುತ್ತಿರಲಿಲ್ಲ; 2023ರಲ್ಲಿ ಬಿಡುಗಡೆಯಾದ 12ನೇ ಆವೃತ್ತಿಯಿಂದ ಅದನ್ನು ಸೇರಿಸಲಾಗಿದೆ. ನಿಸ್ತಂತು ಸಂಪರ್ಕಕ್ಕೆ ಕೈಹಾಕುವ ಮುನ್ನ ‘ಆರ್‌ಎಫ್‌ಕಿಲ್’ ಆದೇಶವನ್ನೊಮ್ಮೆ ನೋಡುವುದು ಒಳ್ಳೆಯದು. ಲ್ಯಾಪ್‌ಟಾಪ್‌ನ ಗುಂಡಿಯನ್ನು ಅರಿಯದೆ ಒತ್ತಿ ರೇಡಿಯೋವನ್ನು ನಿಲ್ಲಿಸಿದ್ದರೆ ಅಲ್ಲಿ ತಿಳಿಯುತ್ತದೆ.

ಹಳೆಯ ಪುಸ್ತಕಗಳಲ್ಲಿ ಕಾರ್ಡಿನ ಹೆಸರು ‘ಈಟಿಎಚ್0’ ಎಂದಿರುತ್ತದೆ. 2013ರಿಂದೀಚೆಗೆ ಸಿಸ್ಟಮ್‌ಡಿ ಬಳಸುವ ವ್ಯವಸ್ಥೆಗಳಲ್ಲಿ ‘ಇಎನ್‌ಪಿ3ಎಸ್0’ ಎಂಬಂತಹ ಹೆಸರುಗಳು ಬಂದಿವೆ. ಇದರಲ್ಲಿನ 3 ಮತ್ತು 0 ಎಂಬುವು ಕಾರ್ಡ್ ಕೂತಿರುವ ಸ್ಥಾನವನ್ನು ಸೂಚಿಸುತ್ತವೆ. ಕಾರ್ಡನ್ನು ಬೇರೆ ಸ್ಥಾನಕ್ಕೆ ಹಾಕಿದರೆ ಹೆಸರು ಬದಲಾಗಿ, ಹಿಂದಿನ ಹೆಸರಿನಲ್ಲಿ ಬರೆದಿಟ್ಟ ಸಂಯೋಜನೆಯು ನಿಷ್ಪ್ರಯೋಜಕವಾಗುತ್ತದೆ.

ವಿಳಾಸ ಮತ್ತು ಮಾರ್ಗ

ಸಂಕೇತ ಬರುತ್ತಿದ್ದರೆ ‘ಐಪಿ ಅಡ್ರೆಸ್’ ಆದೇಶದಿಂದ ಯಂತ್ರದ ವಿಳಾಸವನ್ನು ನೋಡಬೇಕು. ವಿಳಾಸವೇ ಇಲ್ಲದಿದ್ದರೆ ಅಥವಾ ಅದು 169.254 ಎಂದು ಆರಂಭವಾಗುತ್ತಿದ್ದರೆ, ವಿಳಾಸ ಹಂಚುವ ಡಿಎಚ್‌ಸಿಪಿ ಸೇವೆಯಿಂದ ಉತ್ತರ ಬಂದಿಲ್ಲವೆಂದು ಅರ್ಥ. ಪಕ್ಕದ ಯಂತ್ರಗಳಿಗೂ ಇದೇ ಸ್ಥಿತಿಯಿದ್ದರೆ ದೋಷ ರೌಟರ್ ಅಥವಾ ಸರ್ವರ್‌ನಲ್ಲಿದೆ. ಒಂದೇ ಯಂತ್ರಕ್ಕಿದ್ದರೆ ಅದರಲ್ಲಿಯೇ ಇದೆ.

ಹೆಚ್ಚು ಕಾಡುವುದು ವಿಳಾಸ ಸಿಕ್ಕಿಯೂ ಅದು ತಪ್ಪಾಗಿರುವ ಪ್ರಸಂಗ. ಉದಾಹರಣೆಗೆ, ಕಚೇರಿಯ ವಿಳಾಸಗಳೆಲ್ಲ 10ರಿಂದ ಆರಂಭವಾಗುತ್ತವೆ ಎಂದಿಟ್ಟುಕೊಳ್ಳೋಣ. ಬೆಳಿಗ್ಗೆ ಕೆಲವು ಯಂತ್ರಗಳಿಗೆ ಮಾತ್ರ 192.168.1 ಎಂದು ಆರಂಭವಾಗುವ ವಿಳಾಸ ಬಂದು ಅವು ಕೆಲಸ ನಿಲ್ಲಿಸುತ್ತವೆ, ಉಳಿದವು ಸರಿಯಾಗಿವೆ. ಮಧ್ಯಾಹ್ನ ಮತ್ತೆರಡು ಸೇರಿಕೊಳ್ಳುತ್ತವೆ. ಮೊಬೈಲಿಗೆ ವೈ-ಫೈ ಬೇಕೆಂದು ಯಾರೋ ಮನೆಯ ರೌಟರನ್ನು ತಂದು ಗೋಡೆಯ ಕಿಂಡಿಗೆ ಜೋಡಿಸಿರುವುದು ಇಂತಹ ಸಂದರ್ಭಗಳಲ್ಲಿ ಸಾಮಾನ್ಯ ಕಾರಣ. ಆ ರೌಟರ್ ಕಚೇರಿಯ ಸರ್ವರ್‌ಗಿಂತ ಮೊದಲೇ ಉತ್ತರಿಸಿ ತನ್ನ ವಿಳಾಸವನ್ನು ಹಂಚುತ್ತಿರುತ್ತದೆ. ಯಂತ್ರಗಳು ವಿಳಾಸವನ್ನು ಕೇಳುವ ಸಮಯ ಬೇರೆಬೇರೆಯಾದ್ದರಿಂದ ದೋಷವೂ ಬೇರೆಬೇರೆ ಹೊತ್ತಿನಲ್ಲಿ ಕಾಣಿಸಿಕೊಳ್ಳುತ್ತದೆ. ತೊಂದರೆಗೊಳಗಾದ ಯಂತ್ರದಲ್ಲಿ ‘ಐಪಿ ರೌಟ್’ ಆದೇಶ ನೀಡಿ, ‘ಡಿಫಾಲ್ಟ್’ ಎಂಬ ಸಾಲಿನಲ್ಲಿರುವ ಗೇಟ್‌ವೇ ವಿಳಾಸವನ್ನು ಬರೆದುಕೊಂಡು, ‘ಐಪಿ ನೇಬರ್’ ಆದೇಶದಲ್ಲಿ ಅದೇ ವಿಳಾಸದ ಎದುರಿಗಿರುವ ಹನ್ನೆರಡು ಅಂಕಾಕ್ಷರಗಳ ಯಂತ್ರಾಂಶ ವಿಳಾಸವನ್ನು ನೋಡಬೇಕು. ಅದರ ಮೊದಲ ಆರು ಅಂಕಾಕ್ಷರಗಳು ಸಾಮಾನ್ಯವಾಗಿ ತಯಾರಕರನ್ನು ತಿಳಿಸುತ್ತವೆ. ಮನೆ ಬಳಕೆಯ ರೌಟರ್ ತಯಾರಕರ ಹೆಸರು ಬಂದರೆ ಮೇಜುಗಳ ಕೆಳಗೆ ಹುಡುಕಲು ಆರಂಭಿಸಬಹುದು.

ವಿಳಾಸ ಸರಿಯಿದ್ದರೆ ಗೇಟ್‌ವೇ ವಿಳಾಸಕ್ಕೆ ‘ಪಿಂಗ್’ ಮಾಡಬೇಕು. ಅಲ್ಲಿಂದ ಉತ್ತರ ಬಂದರೆ ಹೊರಗಿನ ಯಾವುದಾದರೂ ಅಂಕಿ ವಿಳಾಸಕ್ಕೆ, ಉದಾಹರಣೆಗೆ 8.8.8.8ಕ್ಕೆ ಮಾಡಬೇಕು. ಪಿಂಗ್‌ಗೆ ಉತ್ತರ ಬಂದರೆ ದಾರಿ ಇದೆಯೆಂಬುದು ಖಚಿತ. ಬಾರದಿದ್ದರೆ ಇಲ್ಲವೆಂದು ಖಚಿತವಾಗಿ ಹೇಳಲಾಗದು. ಏಕೆಂದರೆ ಅನೇಕ ಕಚೇರಿಗಳ ಫೈರ್‌ವಾಲ್ ಪಿಂಗ್ ಸಂದೇಶಗಳನ್ನು ತಡೆಯುತ್ತದೆ.

ಹೆಸರು ಮತ್ತು ಗಡಿಯಾರ

ಅಂಕಿ ವಿಳಾಸಕ್ಕೆ ಉತ್ತರ ಬಂದು ಜಾಲತಾಣದ ಹೆಸರಿಗೆ ಬಾರದಿದ್ದರೆ ದೋಷವು ಹೆಸರನ್ನು ಅಂಕಿಯಾಗಿ ಪರಿವರ್ತಿಸುವ ಡಿಎನ್‌ಎಸ್ ಸೇವೆಯಲ್ಲಿದೆ. ಉಬುಂಟುವಿನಲ್ಲಿ ‘ರಿಸಾಲ್ವ್‌ಸಿಟಿಎಲ್’ ಆದೇಶವು ಯಾವ ಸರ್ವರನ್ನು ಕೇಳಲಾಗುತ್ತಿದೆಯೆಂದು ತಿಳಿಸುತ್ತದೆ. ಅಲ್ಲಿನ ‘ರಿಸಾಲ್ವ್.ಕಾನ್ಫ್’ ಕಡತದಲ್ಲಿ 127.0.0.53 ಎಂಬ ವಿಳಾಸವಿರುವುದು ದೋಷವಲ್ಲ. ಅದು ಯಂತ್ರದೊಳಗಿನ ಮಧ್ಯವರ್ತಿಯ ವಿಳಾಸ. ಅದನ್ನು ತಪ್ಪೆಂದು ಭಾವಿಸಿ ತಿದ್ದಬಾರದು.

ಹೆಸರು, ಮಾರ್ಗ ಎಲ್ಲವೂ ಸರಿಯಿದ್ದು, ಯಾವ ಸುರಕ್ಷಿತ ಜಾಲತಾಣವನ್ನು ತೆರೆದರೂ ಪ್ರಮಾಣಪತ್ರ ಸರಿಯಿಲ್ಲವೆಂದು ಬ್ರೌಸರ್ ಎಚ್ಚರಿಸಿದರೆ, ಪರದೆಯ ಮೂಲೆಯಲ್ಲಿರುವ ದಿನಾಂಕವನ್ನು ನೋಡಿ. ಹಳೆಯ ಯಂತ್ರಗಳ ಮದರ್‌ಬೋರ್ಡ್‌ನಲ್ಲಿರುವ 3 ವೋಲ್ಟ್‌ನ ಗುಂಡಿ ಬ್ಯಾಟರಿಯು ಮುಗಿದಿದ್ದರೆ, ಪ್ರತಿ ಬಾರಿ ವಿದ್ಯುತ್ ಹೋದಾಗಲೂ ಗಡಿಯಾರ ಹಿಂದಕ್ಕೆ ಹೋಗುತ್ತದೆ. ಜಾಲತಾಣದ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇಲ್ಲವೆಂದು ಯಂತ್ರ ತಿಳಿಯುತ್ತದೆ. ‘ಟೈಮ್‌ಡೇಟ್‌ಸಿಟಿಎಲ್’ ಆದೇಶದಿಂದ ಗಡಿಯಾರವು ಸಮಯ ಸರ್ವರ್‌ಗೆ ಹೊಂದಿಕೊಂಡಿದೆಯೇ ಎಂದು ತಿಳಿಯಬಹುದು. ಸರ್ಕಾರಿ ಹಾಗೂ ಖಾಸಗಿ ಸಂಸ್ಥೆಗಳು ತಮ್ಮ ಗಣಕಗಳ ಗಡಿಯಾರವನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗಳಿಗೆ, ಇಲ್ಲವೇ ಅವುಗಳನ್ನು ಅನುಸರಿಸುವ ಸರ್ವರ್‌ಗಳಿಗೆ ಹೊಂದಿಸಬೇಕೆಂದು ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ನಿರ್ದೇಶಿಸಿದೆ. ಬ್ಯಾಟರಿಯ ಬೆಲೆ ಅಲ್ಪ; ಆದರೂ ಇದೊಂದು ಕಾರಣಕ್ಕೆ ಯಂತ್ರಗಳನ್ನು ಮೂಲೆಗೆ ಸರಿಸುವುದುಂಟು.

ಸೇವೆಗಳು

ಒಂದು ಯಂತ್ರದಿಂದ ಇನ್ನೊಂದರ ಮುದ್ರಕ, ಕಡತ ಅಥವಾ ದತ್ತಾಂಶ ಸೇವೆಯನ್ನು ಪಡೆಯಲಾಗದಿದ್ದಾಗ ಪರದೆಯ ಮೇಲಿನ ದೋಷ ಸಂದೇಶವನ್ನು ಅಕ್ಷರಶಃ ಓದಬೇಕು. ‘ಕನೆಕ್ಷನ್ ರಿಫ್ಯೂಸ್ಡ್’ ಎಂದರೆ ಆ ಯಂತ್ರವನ್ನು ತಲುಪಿದ್ದೇವೆ, ಆದರೆ ಕೇಳಿದ ಬಾಗಿಲಿನಲ್ಲಿ ಸಾಮಾನ್ಯವಾಗಿ ಯಾವ ಸೇವೆಯೂ ಕುಳಿತಿಲ್ಲ. ‘ಟೈಮ್ಡ್ ಔಟ್’ ಎಂದರೆ ಉತ್ತರವೇ ಬಂದಿಲ್ಲ. ಯಂತ್ರ ನಿಂತಿರಬಹುದು ಅಥವಾ ಫೈರ್‌ವಾಲ್ ಸದ್ದಿಲ್ಲದೆ ತಡೆದಿರಬಹುದು. ‘ನೋ ರೌಟ್ ಟು ಹೋಸ್ಟ್’ ಎಂಬ ಸಂದೇಶ ಮಾತ್ರ ದಾರಿ ತಪ್ಪಿಸುತ್ತದೆ. ಫೆಡೋರಾದಂತಹ ವ್ಯವಸ್ಥೆಗಳ ಫೈರ್‌ವಾಲ್ ನಿರಾಕರಿಸಿದಾಗಲೂ, ಮಾರ್ಗ ಸರಿಯಿದ್ದರೂ, ಇದೇ ಸಂದೇಶ ಬರುತ್ತದೆ.

ಸೇವೆ ನೀಡುವ ಯಂತ್ರದಲ್ಲಿ ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್’ ಎಂಬುದರ ಮುಂದೆ ಸೇವೆಯ ಹೆಸರನ್ನು ನೀಡಿದರೆ ಅದು ನಡೆಯುತ್ತಿದೆಯೇ ಎಂದು ತಿಳಿಯುತ್ತದೆ. ನಿಂತಿದ್ದರೆ ಕಾರಣವು ‘ಜರ್ನಲ್‌ಸಿಟಿಎಲ್’ ದಾಖಲೆಯ ಕೊನೆಯ ಸಾಲುಗಳಲ್ಲಿ ಸಿಗುತ್ತದೆ. ಡಿಸ್ಕ್ ತುಂಬಿಹೋಗಿ ಸೇವೆ ನಿಲ್ಲುವುದು ಆಗಾಗ ಕಾಣುವ ಸಂಗತಿ. ನಡೆಯುತ್ತಿದ್ದರೂ ಸಿಗದಿದ್ದರೆ ‘ಎಸ್‌ಎಸ್’ ಆದೇಶದಿಂದ ಅದು ಯಾವ ವಿಳಾಸದಲ್ಲಿ ಕುಳಿತಿದೆಯೆಂದು ನೋಡಬೇಕು. ಮುದ್ರಣ ಸೇವೆಯು 127.0.0.1 ವಿಳಾಸದ 631ನೇ ಪೋರ್ಟ್‌ನಲ್ಲಿ ಮಾತ್ರ ಕುಳಿತಿದ್ದರೆ ಅದೇ ಯಂತ್ರದವರಿಗಷ್ಟೇ ದೊರೆಯುತ್ತದೆ. ಇತರರಿಗೆ ಹಂಚಿಕೊಳ್ಳಲು ಸಂಯೋಜನೆಯಲ್ಲಿ ಅನುಮತಿ ನೀಡಬೇಕು. ಪರೀಕ್ಷೆಗೆಂದು ಫೈರ್‌ವಾಲನ್ನು ಪೂರ್ತಿ ನಿಲ್ಲಿಸುವವರಿದ್ದಾರೆ. ಹಾಗೆ ನಿಲ್ಲಿಸಿದ್ದನ್ನು ಮತ್ತೆ ಆರಂಭಿಸಲು ಮರೆಯುವುದೇ ಹೆಚ್ಚು. ಬೇಕಾದ ಒಂದು ಪೋರ್ಟನ್ನು ಮಾತ್ರ ತೆರೆಯತಕ್ಕದ್ದು. ದೂರದಿಂದ ಎಸ್‌ಎಸ್‌ಎಚ್ ಮೂಲಕ ಕೆಲಸ ಮಾಡುವವರು ಜಾಲ ಸಂಯೋಜನೆಯನ್ನು ಬದಲಾಯಿಸುವ ಮುನ್ನ, ಸಂಪರ್ಕ ಕಡಿದರೆ ಆ ಯಂತ್ರದ ಬಳಿ ಹೋಗಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ತಂತ್ರಜ್ಞರಿಗೆ ದೂರು ನೀಡುವಾಗ

ಮೇಲಿನ ಪರಿಶೀಲನೆಯಿಂದಲೂ ಪರಿಹಾರ ಸಿಗದಿದ್ದರೆ ಈ ವಿವರಗಳನ್ನು ಬರೆದು ನೀಡುವುದು: ದೋಷ ಆರಂಭವಾದ ಸಮಯ; ಒಂದೇ ಯಂತ್ರಕ್ಕೋ ಎಲ್ಲಕ್ಕೋ; ಅದಕ್ಕೆ ಮುನ್ನ ಯಾವುದಾದರೂ ಉಪಕರಣವನ್ನು ಸೇರಿಸಲಾಗಿತ್ತೇ, ಸ್ಥಳಾಂತರಿಸಲಾಗಿತ್ತೇ, ವಿದ್ಯುತ್ ಹೋಗಿತ್ತೇ; ‘ಐಪಿ ಲಿಂಕ್’, ‘ಐಪಿ ಅಡ್ರೆಸ್’ ಮತ್ತು ‘ಐಪಿ ರೌಟ್’ ಆದೇಶಗಳ ಪೂರ್ಣ ಉತ್ತರ; ದೋಷ ಸಂದೇಶ ಇದ್ದಂತೆಯೇ. ಸಂಪರ್ಕವಿಲ್ಲದ ಯಂತ್ರದಿಂದ ಇವನ್ನು ಕಳುಹಿಸಲಾಗದ್ದರಿಂದ ಪರದೆಯ ಛಾಯಾಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಕಳುಹಿಸಬಹುದು. ಕೌಂಟರಿನಲ್ಲಿ ಸರತಿಯಿದ್ದರೆ, ದುರಸ್ತಿಯಾಗುವವರೆಗೆ ಅರ್ಜಿಗಳನ್ನು ಕೈಬರಹದಲ್ಲಿ ಸ್ವೀಕರಿಸಿ ಸ್ವೀಕೃತಿ ಚೀಟಿ ನೀಡಲು ನಿಯಮಗಳಲ್ಲಿ ಅವಕಾಶವಿದೆಯೇ ಎಂಬುದನ್ನು ಮೇಲ್ವಿಚಾರಕರೊಂದಿಗೆ ಕೂಡಲೇ ವಿಚಾರಿಸತಕ್ಕದ್ದು.