ಹಳದಿ ಕಂಡಲ್ಲಿ ನೀರಿದೆ

ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಲೇಹ್ ಸುತ್ತಲಿನ ಯಾವುದಾದರೂ ದಿಬ್ಬ ಹತ್ತಿ ನಿಂತರೆ ಕಣ್ಣು ಹಾಯುವಷ್ಟು ದೂರ ಬೋಳುಗುಡ್ಡ, ಮರಳು, ಕಲ್ಲು. ಆ ಬೂದುಬಣ್ಣದ ನಡುವೆ ಯಾರೋ ಅರಿಸಿನ ಚೆಲ್ಲಿದಂತೆ ಅಲ್ಲಲ್ಲಿ ಹಳದಿ ಪಟ್ಟೆಗಳು. ಪಾಪ್ಲರ್, ವಿಲ್ಲೋ ಮರಗಳ ಎಲೆ ಹಣ್ಣಾಗಿದೆ. ಲಡಾಖ್‌ಗೆ ಶರತ್ಕಾಲ ಬಂದಿದೆ.

ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದ ಈ ಊರಿಗೆ ಮುಂಗಾರು ಮೋಡಗಳನ್ನು ಹಿಮಾಲಯ ಬಿಟ್ಟುಕೊಡುವುದಿಲ್ಲ. ವರ್ಷವಿಡೀ ಇಲ್ಲಿ ಬೀಳುವುದು ಸುಮಾರು 100 ಮಿ.ಮೀ. ಆಗುಂಬೆಯಲ್ಲಿ ಆಷಾಢದ ಒಂದೇ ದಿನ ಅಷ್ಟು ಸುರಿದುಬಿಡುತ್ತದೆ. ಹಾಗಾದರೆ ಈ ಮರಗಳು ಬದುಕಿದ್ದು ಹೇಗೆ? ಹಿಮ ಕರಗಿ ಇಳಿಯುವ ತೊರೆಗೆ ಕಾಲುವೆ ತೋಡಿ, ಅದರ ಅಂಚಿನಲ್ಲಿ ಹಳ್ಳಿಗರು ಕೈಯಾರೆ ನೆಟ್ಟ ಮರಗಳಿವು. ಪಾಪ್ಲರ್ ಮಣ್ಣಿನ ಮಾಳಿಗೆಗೆ ತೊಲೆಯಾಗುತ್ತದೆ, ವಿಲ್ಲೋ ಕಡ್ಡಿಗಳು ಅದರ ಮೇಲಿನ ಹಾಸಾಗುತ್ತವೆ. ಹಾಗಾಗಿ ಲಡಾಖ್‌ನ ಹಳದಿ ಬರೀ ಬಣ್ಣವೆನಿಸುವುದಿಲ್ಲ. ಎಲ್ಲಿಯವರೆಗೆ ನೀರು ಹರಿಯಿತು, ಎಲ್ಲಿಯವರೆಗೆ ಮನುಷ್ಯ ದುಡಿದ ಎಂಬುದರ ನಕ್ಷೆಯದು.

ಆ ನೀರನ್ನು ಹೊಲಹೊಲಕ್ಕೆ ಸರದಿಯಂತೆ ಹಂಚುವವನು ಚುರ್ಪೊನ್. ನಮ್ಮ ಕೋಲಾರದ ಕಡೆ ಕೆರೆಯ ತೂಬು ನೋಡಿಕೊಳ್ಳುತ್ತಿದ್ದ ನೀರುಗಂಟಿಯ ಅಣ್ಣತಮ್ಮನೆನ್ನಬಹುದು. ಬೇಸಿಗೆಯಿಡೀ ಅವನು ಹಂಚಿದ ನೀರು ಈಗ ಬಾರ್ಲಿಯಾಗಿ ಕಣಕ್ಕೆ ಬಂದಿದೆ. ಈಚೆಗೆ ಒಕ್ಕಣೆ ಯಂತ್ರಗಳು ಬಂದಿವೆಯಾದರೂ ಹಳೆಯ ಪದ್ಧತಿಯನ್ನು ಕಂಡ ಉತ್ತರ ಕರ್ನಾಟಕದವರಿಗೆ ಹಂತಿ ನೆನಪಾಗದೆ ಇರದು: ನಡುವೆ ಮೇಟಿ, ಅದಕ್ಕೆ ಸಾಲಾಗಿ ಕಟ್ಟಿದ ದನ ಮತ್ತು ಯಾಕ್‌ನ ಮಿಶ್ರತಳಿ ‘ಜೊ’ಗಳು, ಹಿಂದೆ ಹಾಡುತ್ತಾ ಸುತ್ತುವ ಜನ. ತೂರುವಾಗ ಗಾಳಿ ನಿಂತರೆ ಮೆಲ್ಲಗೆ ಸಿಳ್ಳೆ ಹಾಕಿ ಗಾಳಿಯನ್ನು ಕರೆಯುತ್ತಾರೆ. ಇಂದು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು ಎಂಬ ನಮ್ಮ ಮುಯ್ಯಾಳು ಪದ್ಧತಿಗೆ ಅಲ್ಲಿ ‘ಬೆಸ್’ ಎಂಬ ಹೆಸರಿದೆ.

ಮುಂದೆ ಕಾದಿರುವುದು ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿಯುವ ಚಳಿಗಾಲ. ಅದಕ್ಕಾಗಿ ಮನೆಮನೆಯಲ್ಲೂ ಧಾವಂತ. ಮಾಳಿಗೆಯ ಅಂಚಿನ ಸುತ್ತ ಕುದುರೆಮಸಾಲೆ ಸೊಪ್ಪಿನ ಒಣಮೇವು, ಉರುವಲು, ಬೆರಣಿ ಏರುತ್ತವೆ. ಒಣಗಿದ ಏಪ್ರಿಕಾಟ್ ಚೀಲ ಸೇರುತ್ತದೆ. ಹುರಿದ ಬಾರ್ಲಿಯನ್ನು ತೊರೆ ಹೆಪ್ಪುಗಟ್ಟುವ ಮೊದಲೇ ನೀರುಗಿರಣಿಯಲ್ಲಿ ಬೀಸಿಟ್ಟುಕೊಳ್ಳಬೇಕು. ಮೂಲಂಗಿ, ಗಜ್ಜರಿ, ಆಲೂಗಡ್ಡೆಗಳು ನೆಲದೊಳಗಿನ ಗುಂಡಿ ಸೇರುತ್ತವೆ. ನಮ್ಮ ಹಿರಿಯರು ಜೋಳ ತುಂಬಿಡುತ್ತಿದ್ದ ಹಗೇವಿನ ಉಪಾಯವೇ ಇದು. ಮೇಲೆ ನೆಲ ಕಲ್ಲಾದರೂ ಒಳಗೆ ತರಕಾರಿ ಹೆಪ್ಪುಗಟ್ಟದು.

ಹಕ್ಕಿಗಳಿಗೂ ಸುಳಿವು ಸಿಕ್ಕಿರುತ್ತದೆ. ತ್ಸೊ ಮೊರಿರಿಯಂಥ ಎತ್ತರದ ಸರೋವರಗಳಲ್ಲಿ ಮರಿ ಮಾಡುವ ಪಟ್ಟೆತಲೆ ಹೆಬ್ಬಾತುಗಳು ನೀರು ಗಟ್ಟಿಯಾಗುವ ಮೊದಲೇ ದಕ್ಷಿಣಕ್ಕೆ ಹೊರಡುತ್ತವೆ. ಚಳಿಗಾಲದಲ್ಲಿ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಂಡುಹಿಂಡಾಗಿ ಬಂದಿಳಿಯುವುದೂ ಇದೇ ಜಾತಿಯ ಹಕ್ಕಿಗಳೇ.

ಕೊಯ್ಲಾದ ಮೇಲೆ ತೊರೆಯ ನೀರನ್ನು ಕೇಳುವವರಿಲ್ಲ. ಸುಮ್ಮನೆ ಸಿಂಧೂ ನದಿ ಸೇರುತ್ತದೆ. ಬಿತ್ತನೆಯ ಏಪ್ರಿಲ್, ಮೇ ತಿಂಗಳಲ್ಲಾದರೋ ಮೇಲಿನ ಹಿಮನದಿ ಇನ್ನೂ ಕರಗಿರುವುದಿಲ್ಲ, ಹನಿ ನೀರಿಗೂ ಪರದಾಟ. ಈ ತೊಡಕನ್ನು ಬಿಡಿಸಿದವರು ಲಡಾಖ್‌ನ ಎಂಜಿನಿಯರ್ ಚೆವಾಂಗ್ ನೊರ್ಫೆಲ್. ಕೊಯ್ಲಿನ ನಂತರ ಸುಮ್ಮನೆ ಹರಿದುಹೋಗುತ್ತಿದ್ದ ನೀರನ್ನು ಬಿಸಿಲು ತಾಗದ ಇಳಿಜಾರಿಗೆ ತಿರುಗಿಸಿ, ಕಲ್ಲಿನ ಒಡ್ಡುಗಳಿಂದ ಓಟ ತಗ್ಗಿಸಿ, ಹಳ್ಳಿಯ ಹತ್ತಿರವೇ ಹೆಪ್ಪುಗಟ್ಟಿಸಿದರು. ತಗ್ಗಿನಲ್ಲಿರುವ ಈ ಮಂಜುಗಡ್ಡೆ ಬಿತ್ತನೆಯ ಹೊತ್ತಿಗೆ ಕರಗಿ ಹೊಲಕ್ಕೆ ಬರುತ್ತದೆ. 2015ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಆದರೆ ಹಿಮನದಿಗಳೇ ಸೊರಗುತ್ತಿವೆ. ಜಂಸ್ಕಾರ್ ಕಣಿವೆಯ ಕುಮಿಕ್ ಹಳ್ಳಿಯ ಜನ ನೀರಿಲ್ಲದೆ ಬೇರೆ ಜಾಗದಲ್ಲಿ ಹೊಸ ಊರು ಕಟ್ಟಿಕೊಳ್ಳಬೇಕಾಯಿತು. ನೀರು ಬತ್ತಿದ ಕಡೆ ಮರವೂ ಇಲ್ಲ, ಮರ ಹಣ್ಣಾಗುವ ಕಾಲವೂ ಇಲ್ಲ.

ಈ ಶರತ್ಕಾಲ ನೋಡಲು ಹೊರಡುವವರಿಗೆ ನನ್ನದೊಂದು ಕೋರಿಕೆ. ಸ್ನಾನಕ್ಕೆ ಒಂದು ಬಕೆಟ್ ನೀರು ಸಾಕೆನ್ನಿ. ತಂಗಿದ ಮನೆಯಲ್ಲಿ ನೀರು ಬೇಡದ, ಹೊಲಕ್ಕೆ ಗೊಬ್ಬರ ಕೊಡುವ ಸಾಂಪ್ರದಾಯಿಕ ಒಣ ಶೌಚಾಲಯವಿದ್ದರೆ ಅದನ್ನೇ ಬಳಸಿ. ನಿಮ್ಮ ಫೋಟೊದಲ್ಲಿ ಮಿನುಗುವ ಒಂದೊಂದು ಹಳದಿ ಎಲೆಗೂ ಯಾರೋ ಕಾಲುವೆ ತಿರುಗಿಸಿ ನೀರು ಉಣಿಸಿದ್ದಾರೆ.