ಬಸ್ಸಾರಿಗೆ ನಿಂಬೆ, ಕಾಫಿಗೆ ಬಿಡುವು

ಪ್ರಶ್ನೆ: ಮನೆಯಲ್ಲಿ ಕುರಿಮಾಂಸ ಬಿಟ್ಟಿದ್ದೇವೆ. ಮಗಳಿಗೆ ರಕ್ತ ಕಡಿಮೆ ಎಂದಿದ್ದಾರೆ. ಕಬ್ಬಿಣಾಂಶಕ್ಕೆ ಬೆಲ್ಲ, ಖರ್ಜೂರ ಸಾಕೆ?
– ಓದುಗರು, ಸುಬ್ರಹ್ಮಣ್ಯಪುರ

ಉತ್ತರ: ಸಾಲದು. ವಯಸ್ಕ ಹೆಣ್ಣುಮಕ್ಕಳಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕೆಂದು ಐಸಿಎಂಆರ್ 2020ರಲ್ಲಿ ಹೇಳಿದೆ. ಬಾಯಿಗೆ ಹಾಕಿಕೊಳ್ಳುವ ಬೆಲ್ಲದ ಚೂರಿನಲ್ಲಿ ಸಿಗುವುದು ಅರ್ಧ ಮಿಲಿಗ್ರಾಂ ಆಸುಪಾಸು. ಹಾಗಂತ ಊರೆಲ್ಲ ಹುಡುಕಬೇಕಿಲ್ಲ. ಸಂತೆಯ ಸೊಪ್ಪು, ಹುರುಳಿಕಾಳು, ರಾಗಿ, ಹುಚ್ಚೆಳ್ಳು ಚಟ್ನಿ ಇವೆಯಲ್ಲ! 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 8 ಮಿಲಿಗ್ರಾಂ ಇದೆ.

ತೊಡಕು ಬೇರೆ ಕಡೆ. ಸಸ್ಯಾಹಾರದ ಕಬ್ಬಿಣವನ್ನು ಕರುಳು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಕಾಳು, ರಾಗಿಯಲ್ಲಿರುವ ಫೈಟೇಟ್ ಅದನ್ನು ಕಟ್ಟಿಹಾಕುತ್ತದೆ. ನೆನೆಸಿ ಮೊಳಕೆ ಕಟ್ಟಿದರೆ ಈ ಹಿಡಿತ ಸಡಿಲವಾಗುತ್ತದೆ. ಸಿ ವಿಟಮಿನ್ ಇದ್ದರೆ ಕಬ್ಬಿಣ ಇನ್ನೂ ಚೆನ್ನಾಗಿ ಮೈಗೆ ಹತ್ತುತ್ತದೆ. ಬಸ್ಸಾರು ಕುದಿಯುವಾಗ ಆ ವಿಟಮಿನ್ ಬಹಳಷ್ಟು ಹಾಳಾಗುವುದರಿಂದ, ತಟ್ಟೆಗೆ ಬಡಿಸಿದ ಮೇಲೆ ನಿಂಬೆ ಹಿಂಡಿ. ಸೀಬೆಹಣ್ಣು, ನೆಲ್ಲಿಕಾಯಿಯೂ ಆಗುತ್ತದೆ.

ಇನ್ನು ನಮ್ಮ ಬೆಂಗಳೂರಿಗರ ದೌರ್ಬಲ್ಯ: ತಿಂಡಿಯ ಬೆನ್ನಿಗೇ ಫಿಲ್ಟರ್ ಕಾಫಿ. ಕಾಫಿ, ಟೀ ಎರಡೂ ಕಬ್ಬಿಣ ಹೀರುವಿಕೆಯನ್ನು ತಗ್ಗಿಸುತ್ತವೆ, ಟೀ ಇನ್ನೂ ಹೆಚ್ಚು. ಬಿಡಲಾಗದಿದ್ದರೆ ತಿಂಡಿಗೆ ಒಂದು ಗಂಟೆ ಮೊದಲೇ ಕುಡಿದುಬಿಡಿ.

ಮೀನು, ಕೋಳಿ ತಿನ್ನುವವರಾದರೆ ಅವೂ ಉಪಯೋಗಕ್ಕೆ ಬರುತ್ತವೆ. ಮಗಳ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ಮಾತ್ರ ಅಡುಗೆಮನೆಯನ್ನೇ ನಂಬಿ ಕೂರಬೇಡಿ. ಫೆರಿಟಿನ್, ಬಿ12 ಪರೀಕ್ಷೆ ಮಾಡಿಸಿ, ವೈದ್ಯರು ಕೊಟ್ಟ ಮಾತ್ರೆಯನ್ನು ಅರ್ಧಕ್ಕೆ ನಿಲ್ಲಿಸದೆ ನುಂಗಿಸಿ.